ನೆರಳಿನ ಅಳತೆ

ಮಂಡ್ಯ, ಮದ್ದೂರು, ಮಳವಳ್ಳಿ ಎಂಬ ಮೂರು ಹೆಸರುಗಳನ್ನು ಒಟ್ಟಿಗೆ ಕೇಳಿದೊಡನೆ ಶ್ರೋತೃಗಳ ಮನಸ್ಸಿಗೆ ಬರುವುದು ಕಬ್ಬಿನ ಗದ್ದೆ, ಆಲೆಮನೆ, ನಾಲೆಯ ನೀರು. ರೈಲಿನಲ್ಲಿ ಓಡಾಡಿದವರಿಗಾದರೆ ಮದ್ದೂರಿನ ವಡೆಯೂ ನೆನಪಿಗೆ ಬಂದೀತು. ಮನುಷ್ಯನ ದೇಹವನ್ನು ಕೊಯ್ಯದೆಯೇ ಅದರ ಒಳಗನ್ನು ಕಂಡು ಅಳೆಯುವ ವೈದ್ಯವಿದ್ಯೆಗೂ ಈ ಮೂರು ತಾಲ್ಲೂಕುಗಳಿಗೂ ಏನು ಸಂಬಂಧವೆಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಸಂಬಂಧವುಂಟು. ಅದರಲ್ಲಿ ಒಂದು ಭಾಗ ಹೆಮ್ಮೆಪಡತಕ್ಕದ್ದು, ಇನ್ನೊಂದು ಭಾಗ ತಲೆತಗ್ಗಿಸತಕ್ಕದ್ದು. ಎರಡನ್ನೂ ಹೇಳಬೇಕೆಂಬುದು ನಮ್ಮ ಇಂದಿನ ಉದ್ದೇಶ. ಹೇಳುವಾಗ ದಾರಿಯಲ್ಲಿ ಕೋಲಾರಕ್ಕೂ ಬೆಂಗಳೂರಿಗೂ ಹೊರದೇಶಗಳಿಗೂ ಹೋಗಿಬರಬೇಕಾಗುತ್ತದೆ.

ಯಂತ್ರಕ್ಕಿಂತ ಮುಂಚೆ ಕೈ ಇದ್ದಿತು. ಕ್ಷ-ಕಿರಣಗಳು ತಿಳಿಯುವುದಕ್ಕೆ ಐವತ್ತು ವರ್ಷ ಮೊದಲೇ, ೧೮೪೫ರಿಂದ ೧೮೪೭ರವರೆಗೆ, ಉತ್ತರ ಹಿಂದೂಸ್ಥಾನದ ಪಶ್ಚಿಮ ಯಮುನಾ ನಾಲೆಯ ಬದಿಯ ಊರುಗಳಲ್ಲಿ ಜ್ವರ ಹೆಚ್ಚಿತೆಂಬ ದೂರನ್ನು ವಿಚಾರಿಸಲು ಒಂದು ಸಮಿತಿ ನೇಮಕವಾಗಿದ್ದಿತು. ಅದರಲ್ಲಿದ್ದ ವೈದ್ಯನ ಹೆಸರು ಡೆಂಪ್‌ಸ್ಟರ್. ಜೊತೆಗಿದ್ದ ಎಂಜಿನಿಯರುಗಳಲ್ಲಿ ಒಬ್ಬನಾದ ಹೆನ್ರಿ ಯೂಲನೇ ಮುಂದೆ ‘ಹಾಬ್ಸನ್-ಜಾಬ್ಸನ್’ ಎಂಬ ಆಂಗ್ಲೋ-ಇಂಡಿಯನ್ ಪದಕೋಶದ ಕರ್ತೃಗಳಲ್ಲೊಬ್ಬನಾಗಿ ಪ್ರಸಿದ್ಧನಾದನೆಂಬುದನ್ನು ಭಾಷಾಪ್ರಿಯರು ಗಮನಿಸಬಹುದು. ಡೆಂಪ್‌ಸ್ಟರನ ಮುಂದಿದ್ದ ತೊಡಕು ಇದು: ಒಂದು ಊರಿನಲ್ಲಿ ಎಷ್ಟು ಜ್ವರವಿದೆಯೆಂದು ಎಣಿಸುವುದು ಹೇಗೆ? ಜ್ವರ ಬರುತ್ತದೆ, ಹೋಗುತ್ತದೆ. ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಆದರೆ ಮೇಲಿಂದ ಮೇಲೆ ಚಳಿಜ್ವರಕ್ಕೆ ಸಿಕ್ಕಿದವರ ಎಡಪಕ್ಕೆಯ ಕೆಳಗೆ ಗುಲ್ಮವು ದಪ್ಪವಾಗಿ ಉಳಿದುಬಿಡುತ್ತದೆ. ನಮ್ಮ ಹಳ್ಳಿಯವರು ಜ್ವರಗಡ್ಡೆಯೆಂದು ಕರೆದದ್ದು ಇದನ್ನೇ. ಡೆಂಪ್‌ಸ್ಟರನು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಹೊಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿ, ಗಡ್ಡೆ ಸಿಕ್ಕಿದವರನ್ನೂ ಸಿಕ್ಕದವರನ್ನೂ ಎಣಿಸಿದನು. ದೇಹದೊಳಗಿನ ಒಂದು ಅಂಗದ ಗಾತ್ರದಿಂದ ಒಂದು ಸೀಮೆಯ ಆರೋಗ್ಯವನ್ನು ಅಳೆದದ್ದು ಹೀಗೆ, ನಾಲೆಯ ದಂಡೆಯ ಮೇಲೆ.

ನಾಲೆ ಎಲ್ಲಿಗೆ ಹೋಯಿತೋ ಈ ಅಳತೆಯೂ ಅಲ್ಲಿಗೆ ಹೋಯಿತು. ಕೃಷ್ಣರಾಜಸಾಗರದ ನೀರನ್ನು ಹುಲಿಕೆರೆಯ ಸುರಂಗದ ಮೂಲಕ ಹಾಯಿಸಿ, ಮಂಡ್ಯ, ಮದ್ದೂರು, ಮಳವಳ್ಳಿಗಳ ಬೆದ್ದಲು ನೆಲಕ್ಕೆ ಹರಿಸಿದ ಅರ್ವಿನ್ ನಾಲೆಯು ೧೯೩೦ರ ದಶಕದ ಆದಿಭಾಗದಲ್ಲಿ ತೆರೆಯಿತು. ಅದಕ್ಕೆ ಈಗ ವಿಶ್ವೇಶ್ವರಯ್ಯನವರ ಹೆಸರು. ಬೆನ್ನಹಿಂದೆಯೇ ೧೯೩೩ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪನೆಯಾಯಿತು; ೧೯೩೯ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ರಾಗಿಯ ಸೀಮೆ ಕಬ್ಬು ಬತ್ತಗಳ ಸೀಮೆಯಾಯಿತು. ಆದರೆ ನೀರು ನಿಂತಲ್ಲಿ ಸೊಳ್ಳೆಯೂ ನಿಂತಿತು. ನಾಲೆಯ ಪ್ರದೇಶದಲ್ಲಿ ಮಲೇರಿಯಾವನ್ನು ಹರಡುವುದು ಅನಾಫಿಲಿಸ್ ಕ್ಯುಲಿಸಿಫೇಸೀಸ್ ಎಂಬ ಜಾತಿಯ ಸೊಳ್ಳೆ. ಮೈಸೂರು ಸಂಸ್ಥಾನವು ೧೯೨೦ರ ದಶಕದ ಕೊನೆಯಲ್ಲಿಯೇ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಸಂಶೋಧನೆಗೆ ಕೈಹಾಕಿದ್ದಿತು, ಡಬ್ಲ್ಯು. ಸಿ. ಸ್ವೀಟ್, ಬಿ. ಎ. ರಾವ್ ಮೊದಲಾದವರು ಕೆಲಸಮಾಡಿದ ಕೇಂದ್ರಗಳಲ್ಲಿ ಮಂಡ್ಯವೂ ಒಂದು. ಎರಡರಿಂದ ಹತ್ತು ವರ್ಷದ ಮಕ್ಕಳಲ್ಲಿ ನೂರಕ್ಕೆ ಎಷ್ಟು ಮಂದಿಗೆ ಗುಲ್ಮವು ಕೈಗೆ ಸಿಕ್ಕುವುದೋ ಅದು ಆ ಊರಿನ ಗುಲ್ಮಪ್ರಮಾಣ. ಹತ್ತರೊಳಗಿದ್ದರೆ ರೋಗ ಅಲ್ಪ. ಐವತ್ತನ್ನು ಮೀರಿದರೆ ಊರಿಗೆ ಊರೇ ರೋಗದ ಮನೆ. ೧೯೪೪ರಲ್ಲಿ ಹ್ಯಾಕೆಟ್ ಎಂಬ ಅಮೆರಿಕದ ವೈದ್ಯನು ಇದಕ್ಕೆ ಮೆಟ್ಟಲುಗಳನ್ನು ಕಟ್ಟಿಕೊಟ್ಟನು. ಉಸಿರನ್ನು ಆಳವಾಗಿ ಎಳೆದಾಗ ಮಾತ್ರ ಬೆರಳಿಗೆ ತಾಗಿದರೆ ಒಂದನೆಯ ದರ್ಜೆ, ಪಕ್ಕೆಲುಬಿಗೂ ಹೊಕ್ಕಳಿಗೂ ನಡುವಣ ಅರ್ಧದೂರದೊಳಗಿದ್ದರೆ ಎರಡನೆಯದು, ಹೊಕ್ಕಳಿನ ಮಟ್ಟದವರೆಗೆ ಬಂದರೆ ಮೂರನೆಯದು, ಹೀಗೆ ಐದರವರೆಗೆ.

ಈ ಅಳತೆಗೆ ಕಾಸು ಖರ್ಚಿಲ್ಲ. ಒಂದು ಬೆಳಗಿನಲ್ಲಿ ಒಂದು ಶಾಲೆಯನ್ನೇ ಮುಗಿಸಬಹುದು. ಕೊರತೆಯೂ ಸ್ಪಷ್ಟವಾಗಿದೆ. ಬೆರಳು ಬೆರಳಿಗೆ ಭೇದವುಂಟು. ಮಗು ಹೆದರಿ ಹೊಟ್ಟೆ ಬಿಗಿಹಿಡಿದರೆ ಗುಲ್ಮ ಸಿಕ್ಕುವುದಿಲ್ಲ. ಪಕ್ಕೆಲುಬಿನ ಮರೆಯಲ್ಲಿಯೇ ಸ್ವಲ್ಪ ಊದಿಕೊಂಡಿದ್ದರಂತೂ ಯಾವ ಬೆರಳಿಗೂ ತಿಳಿಯದು. ಒಳಗನ್ನು ಮುಟ್ಟಿ ತಿಳಿದರೆ ಸಾಲದು, ನೋಡಿಯೂ ತಿಳಿಯಬೇಕು.

ನೋಡುವುದಕ್ಕೆ ವಿದ್ಯುಚ್ಛಕ್ತಿ ಬೇಕು. ಈ ಸಂಗತಿಯಲ್ಲಿ ಮಳವಳ್ಳಿ ತಾಲ್ಲೂಕಿನ ಸ್ಥಾನ ದೊಡ್ಡದು. ಕಾವೇರಿಯು ಎರಡಾಗಿ ಒಡೆದು ಧುಮುಕುವ ಶಿವನಸಮುದ್ರದಲ್ಲಿ, ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಯೋಜನೆಯಾಗಿ, ಅವರು ತೀರಿಕೊಂಡ ಮರುವರ್ಷ, ೧೯೦೨ರ ಜೂನ್ ೩೦ರಂದು, ವಿದ್ಯುದಾಗಾರ ಕೆಲಸ ಮೊದಲುಮಾಡಿತು. ಅಲ್ಲಿಂದ ಸುಮಾರು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೇಲೆ ಶಕ್ತಿ ಹೋಯಿತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, ೧೯೦೫ರಲ್ಲಿ. ಮೊದಲು ಗಣಿ, ಆಮೇಲೆ ಬೀದಿ, ಬಹಳ ಆಮೇಲೆ ಜಲಪಾತದ ಪಕ್ಕದ ಹಳ್ಳಿಗಳು. ಇದು ಆ ಕಾಲದ ಕ್ರಮ.

ಅಷ್ಟು ಹೊತ್ತಿಗೆ ಕ್ಷ-ಕಿರಣಗಳ ವಯಸ್ಸು ಏಳನ್ನು ತುಂಬಿರಲಿಲ್ಲ. ೧೮೯೫ರ ನವೆಂಬರ್ ೮ರಂದು ಜರ್ಮನಿಯ ವುರ್ತ್ಸ್‌ಬುರ್ಗ್ ಪಟ್ಟಣದಲ್ಲಿ ಪ್ರೊಫೆಸರ್ ರಂಟ್‌ಗನ್ ಗಾಳಿ ತೆಗೆದ ಗಾಜಿನ ನಾಳವೊಂದರಲ್ಲಿ ವಿದ್ಯುತ್ತನ್ನು ಹಾಯಿಸುತ್ತಿದ್ದಾಗ, ನಾಳವನ್ನು ಕಪ್ಪು ಕಾಗದದಿಂದ ಮುಚ್ಚಿದ್ದರೂ ದೂರದಲ್ಲಿದ್ದ ಒಂದು ಲೇಪಿತ ಕಾಗದ ಹೊಳೆಯಿತು. ಆರು ವಾರ ಆತನು ಯಾರಿಗೂ ಹೇಳದೆ ಪರೀಕ್ಷಿಸಿದನು. ಡಿಸೆಂಬರ್ ೨೨ರಂದು ಹೆಂಡತಿಯ ಕೈಯ ಎಲುಬುಗಳನ್ನೂ ಉಂಗುರವನ್ನೂ ಗಾಜಿನ ಫಲಕದ ಮೇಲೆ ಮೂಡಿಸಿದನು. ಸುದ್ದಿ ಕೆಲವೇ ವಾರಗಳಲ್ಲಿ ಲೋಕವನ್ನೆಲ್ಲ ಸುತ್ತಿತು. ೧೮೯೭-೯೮ರ ತಿರಾಹ್ ದಂಡಯಾತ್ರೆಯಲ್ಲಿ ವಾಯವ್ಯ ಗಡಿಯ ಬೆಟ್ಟಗಳಿಗೆ ಈ ಉಪಕರಣವನ್ನು ಹೊತ್ತುಕೊಂಡು ಹೋಗಿ ಗಾಯಗೊಂಡ ಸಿಪಾಯಿಗಳ ಮೈಯಲ್ಲಿದ್ದ ಗುಂಡುಗಳನ್ನು ಹುಡುಕಿದರು.

ಗುಂಡನ್ನು ಕಂಡರೆ ಆಯಿತೆ? ಇಲ್ಲಿಯೇ ನಮ್ಮ ವಿಷಯ ನಿಜವಾಗಿ ಪ್ರಾರಂಭವಾಗುತ್ತದೆ. ಕ್ಷ-ಕಿರಣದ ಚಿತ್ರವನ್ನು ನಾವು ಚಿತ್ರವೆನ್ನುತ್ತೇವೆ. ಅದು ಬರಿಯ ನೆರಳು. ಸಂಜೆಯ ಬಿಸಿಲಿನಲ್ಲಿ ಹುಡುಗನ ನೆರಳು ಅವನ ತಂದೆಗಿಂತ ಉದ್ದವಾಗುವುದಿಲ್ಲವೆ? ಈ ನೆರಳೂ ಹಾಗೆಯೇ ಸುಳ್ಳು ಹೇಳುತ್ತದೆ. ಹೊಟ್ಟೆಯ ಚರ್ಮದ ಕೆಳಗಿನ ಗುಂಡೂ ಬೆನ್ನುಮೂಳೆಗೆ ತಗುಲಿದ ಗುಂಡೂ ಒಂದೇ ಬಿಂದುವಿನಲ್ಲಿ ಬೀಳುತ್ತವೆ. ಶಸ್ತ್ರವೈದ್ಯನಿಗೆ ಬೇಕಾದದ್ದು ಆಳ.

ಆಳವನ್ನು ಕಂಡುಹಿಡಿಯಲು ಲಂಡನ್ನಿನ ಮೆಕೆಂಜಿ ಡೇವಿಡ್‌ಸನ್ ೧೮೯೮ರಲ್ಲಿ ಮಾಡಿದ ಉಪಾಯವು, ನಮ್ಮ ಅಭಿಪ್ರಾಯದಲ್ಲಿ, ಈ ವಿದ್ಯೆಯ ಇತಿಹಾಸದಲ್ಲಿಯೇ ಅತ್ಯಂತ ಚೆಲುವಾದದ್ದು. ಅದಕ್ಕೆ ಬೇಕಾದದ್ದು ಎರಡು ದಾರಗಳು. ರೋಗಿಯನ್ನು ಅಲುಗಾಡಿಸದೆ, ಕಿರಣನಾಳವನ್ನು ಒಂದು ಗೊತ್ತಾದ ದೂರ ಪಕ್ಕಕ್ಕೆ ಸರಿಸಿ, ಒಂದೇ ಫಲಕದ ಮೇಲೆ ಎರಡು ನೆರಳುಗಳನ್ನು ತೆಗೆಯುವುದು. ಗುಂಡು ಫಲಕಕ್ಕೆ ಹತ್ತಿರವಿದ್ದರೆ ನೆರಳು ಸ್ವಲ್ಪ ಸರಿಯುತ್ತದೆ. ದೂರವಿದ್ದರೆ ಹೆಚ್ಚು ಸರಿಯುತ್ತದೆ. ಆಮೇಲೆ ನಾಳವಿದ್ದ ಎರಡು ಸ್ಥಾನಗಳಿಂದ ಎರಡು ನೆರಳುಗಳಿಗೆ ದಾರ ಎಳೆದರೆ, ದಾರಗಳು ಒಂದನ್ನೊಂದು ಕತ್ತರಿಸುವ ಜಾಗವೇ ಗುಂಡಿರುವ ಜಾಗ. ಲೆಕ್ಕ ಬೇಕೆನ್ನುವವರಿಗೆ ಹೇಳುವುದಾದರೆ: ನಾಳವು ಫಲಕದಿಂದ ೭೦ ಸೆಂಟಿಮೀಟರು ಎತ್ತರದಲ್ಲಿದೆ; ಅದನ್ನು ೬ ಸೆಂಟಿಮೀಟರು ಸರಿಸಿದೆವು; ನೆರಳು ೧ ಸೆಂಟಿಮೀಟರು ಸರಿಯಿತು. ೭೦ನ್ನು ೧ರಿಂದ ಗುಣಿಸಿ, ೬ ಮತ್ತು ೧ ಕೂಡಿದ ೭ರಿಂದ ಭಾಗಿಸಿದರೆ ೧೦ ಬರುತ್ತದೆ. ಗುಂಡು ಫಲಕದಿಂದ ೧೦ ಸೆಂಟಿಮೀಟರು ಮೇಲಿದೆ. ಪ್ರೌಢಶಾಲೆಯಲ್ಲಿ ಓದಿ ಮರೆತ ಸಮರೂಪ ತ್ರಿಕೋಣಗಳ ಪಾಠವಿಷ್ಟೆ! ಜ್ಯಾಮಿತಿಯಿಂದ ಪ್ರಯೋಜನವೇನೆಂದು ಕೇಳುವ ವಿದ್ಯಾರ್ಥಿಗಳಿಗೆ ನಾವು ಈ ಉದಾಹರಣೆಯನ್ನು ಹೇಳುವುದುಂಟು.

ಹೃದಯದ ಗಾತ್ರವನ್ನು ಅಳೆಯುವಲ್ಲಿಯೂ ಇದೇ ನೆರಳಿನ ಹಿಗ್ಗಾಟ ಅಡ್ಡಬರುತ್ತದೆ. ಹೃದಯವು ಫಿಲ್ಮಿನಿಂದ ೧೦ ಸೆಂಟಿಮೀಟರು ದೂರದಲ್ಲಿದ್ದು, ನಾಳವು ೯೦ ಸೆಂಟಿಮೀಟರು ದೂರದಲ್ಲಿದ್ದರೆ, ೧೨ ಸೆಂಟಿಮೀಟರಿನ ಹೃದಯ ಹದಿಮೂರೂವರೆಯಾಗಿ ಕಾಣುತ್ತದೆ. ನಾಳವನ್ನು ಆರಡಿಗೆ, ಎಂದರೆ ಸುಮಾರು ೧೮೦ ಸೆಂಟಿಮೀಟರಿಗೆ, ಒಯ್ದರೆ ಹನ್ನೆರಡೂಮುಕ್ಕಾಲಿಗೆ ಇಳಿಯುತ್ತದೆ. ಎದೆಯ ಚಿತ್ರ ತೆಗೆಯುವಾಗ ರೋಗಿಯನ್ನು ನಾಳದಿಂದ ಅಷ್ಟು ದೂರ ನಿಲ್ಲಿಸುವುದೂ, ಎದೆಯನ್ನು ಫಿಲ್ಮಿಗೆ ಒತ್ತಿ ನಿಲ್ಲಿಸುವುದೂ ಈ ಕಾರಣಕ್ಕಾಗಿಯೇ. ೧೯೧೯ರಲ್ಲಿ ಡಾನ್ಸರ್ ಎಂಬಾತನು ಇನ್ನೂ ಸುಲಭವಾದ ಮಾರ್ಗವನ್ನು ಸೂಚಿಸಿದನು: ಹೃದಯದ ಅಗಲವನ್ನು ಅದೇ ಚಿತ್ರದಲ್ಲಿರುವ ಎದೆಗೂಡಿನ ಅಗಲದೊಡನೆ ಹೋಲಿಸುವುದು. ಅರ್ಧವನ್ನು ಮೀರಿದರೆ ಹೃದಯ ಹಿಗ್ಗಿದೆಯೆಂದು ಶಂಕಿಸಬೇಕು. ಇಂದಿಗೂ ಜಿಲ್ಲಾ ಆಸ್ಪತ್ರೆಯ ವೈದ್ಯರು ಅಳತೆಪಟ್ಟಿಯನ್ನು ಹುಡುಕದೆ ಕಣ್ಣಳತೆಯಿಂದಲೇ ಮಾಡುವ ಲೆಕ್ಕ ಇದು.

ಈಗ ಮಳವಳ್ಳಿಯ ತಂತಿಯನ್ನೇ ಹಿಡಿದು ಕೋಲಾರಕ್ಕೆ ಹೋಗೋಣ. ಶಿವನಸಮುದ್ರದ ಶಕ್ತಿಯಿಂದ ಅಲ್ಲಿನ ಯಂತ್ರಗಳು ಮೊದಲಿಗಿಂತ ವೇಗವಾಗಿ ಓಡಿದವು. ಗಣಿಗಳು ಇಳಿಯುತ್ತ ಇಳಿಯುತ್ತ ಕೊನೆಗೆ ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋದವು. ಚಿನ್ನವಿರುವುದು ಬೆಣಚುಕಲ್ಲಿನಲ್ಲಿ. ಅದನ್ನು ಕೊರೆದಾಗ ಏಳುವ ಸಣ್ಣ ಧೂಳು ಶ್ವಾಸಕೋಶದೊಳಗೆ ಹೊಕ್ಕು, ಕರಗದೆ, ಸುತ್ತಲೂ ಗಂಟುಕಟ್ಟುತ್ತದೆ. ಇದು ಸಿಲಿಕೋಸಿಸ್ ಎಂಬ ರೋಗ, ಇದಕ್ಕೆ ಮದ್ದಿಲ್ಲ. ೧೯೪೦ರ ದಶಕದಲ್ಲಿ ಗಣಿಯ ವೈದ್ಯರಾಗಿದ್ದ ಆಂಟನಿ ಕ್ಯಾಪ್ಲನ್ ಮತ್ತು ಅವರ ಜೊತೆಯವರು ಏಳು ಸಾವಿರಕ್ಕೆ ಮೇಲ್ಪಟ್ಟ ಕೆಲಸಗಾರರನ್ನು ಪರೀಕ್ಷಿಸಿದರು. ೧೯೪೭ರಲ್ಲಿ ಬಂದ ಅವರ ವರದಿಯಂತೆ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ರೋಗವಿದ್ದಿತು. ಕ್ಯಾಪ್ಲನ್ ಆಮೇಲೆ ಬ್ರಿಟನ್ನಿನ ವೇಲ್ಸಿಗೆ ಹೋಗಿ, ಅಲ್ಲಿನ ಕಲ್ಲಿದ್ದಲ ಗಣಿಯವರ ಎದೆಯ ಚಿತ್ರಗಳಲ್ಲಿ, ಕೀಲುವಾತವೂ ಇದ್ದವರಿಗೆ ಮಾತ್ರ ಕಾಣುವ ದುಂಡನೆಯ ನೆರಳುಗಳನ್ನು ೧೯೫೩ರಲ್ಲಿ ಗುರುತಿಸಿದರು. ಲೋಕದ ವೈದ್ಯಗ್ರಂಥಗಳಲ್ಲೆಲ್ಲ ಆ ಲಕ್ಷಣಸಮೂಹಕ್ಕೆ ಅವರ ಹೆಸರಿದೆ. ಗಣಿಯವರ ಎದೆಯನ್ನು ಓದುವ ಅಭ್ಯಾಸ ಅವರಿಗೆ ಕೋಲಾರದಲ್ಲಿಯೇ ಆಗಿದ್ದಿತೆಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದು.

ಧೂಳಿನ ಗಂಟನ್ನು ಅಳೆಯುವುದು ಗುಂಡನ್ನು ಅಳೆದಂತಲ್ಲ. ಗುಂಡು ಒಂದು; ಗಂಟುಗಳು ಸಾವಿರ, ಮಂಜಿನ ಹಾಗೆ ಹರಡಿದವು. ಆದುದರಿಂದ ೧೯೩೦ರಲ್ಲಿ ಜೊಹಾನಿಸ್‌ಬರ್ಗಿನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯವರು ಸೇರಿ ಒಂದು ವರ್ಗೀಕರಣವನ್ನು ಆರಂಭಿಸಿದರು. ೧೯೫೦ರಲ್ಲಿ ಸಿಡ್ನಿಯಲ್ಲಿಯೂ ಆಮೇಲೆ ಹಲವು ಸಲವೂ ಅದು ತಿದ್ದುಪಡಿಯಾಯಿತು. ಈಗಿನ ಕ್ರಮದಲ್ಲಿ ಒಂದೂವರೆ ಮಿಲಿಮೀಟರಿನೊಳಗಿನ ದುಂಡು ಚುಕ್ಕೆಗೆ ಒಂದು ಅಕ್ಷರ, ಮೂರರವರೆಗೆ ಇನ್ನೊಂದು, ಹತ್ತರವರೆಗೆ ಮತ್ತೊಂದು. ಚುಕ್ಕೆಗಳ ದಟ್ಟಣೆಗೆ ಹನ್ನೆರಡು ಮೆಟ್ಟಲುಗಳು. ಇಲ್ಲಿ ಅಳತೆಪಟ್ಟಿಯೆಂಬುದೇ ಇಲ್ಲ. ಪ್ರಮಾಣಚಿತ್ರಗಳ ಒಂದು ಕಟ್ಟು ಇರುತ್ತದೆ. ಓದುವವನು ಕೆಲಸಗಾರನ ಚಿತ್ರವನ್ನು ಅದರ ಪಕ್ಕದಲ್ಲಿಟ್ಟು, ಇದು ಇದರಂತಿದೆಯೋ ಅದರಂತಿದೆಯೋ ಎಂದು ತೀರ್ಮಾನಿಸುತ್ತಾನೆ. ಅಕ್ಕಸಾಲಿಗನು ಚಿನ್ನವನ್ನು ಒರೆಗಲ್ಲಿಗೆ ತೀಡಿ ನೋಡುವ ಕ್ರಮವೂ ಇದೇ. ಭೇದವೇನೆಂದರೆ, ಇಲ್ಲಿ ಒಂದು ಮೆಟ್ಟಲು ಹೆಚ್ಚುಕಡಮೆಯಾದರೆ ಒಂದು ಸಂಸಾರಕ್ಕೆ ಬರತಕ್ಕ ಪರಿಹಾರ ಬರಬಹುದು, ಹೋಗಬಹುದು.

ಹಾಗಾದರೆ ಓದುವವರೆಲ್ಲ ಒಂದೇ ರೀತಿ ಓದುತ್ತಾರೆಯೆ? ಈ ಪ್ರಶ್ನೆಯನ್ನು ಯಾರೂ ಬೇಕೆಂದು ಕೇಳಲಿಲ್ಲ. ಅದು ಅಕಸ್ಮಾತ್ತಾಗಿ ಎದ್ದಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಕ್ಷಯವನ್ನು ಹುಡುಕಲು ದೊಡ್ಡ ಫಿಲ್ಮು ಒಳ್ಳೆಯದೋ ಸಣ್ಣದು ಸಾಕೋ ಎಂದು ಪರೀಕ್ಷಿಸಹೊರಟರು. ಸಾವಿರಕ್ಕೆ ಮೇಲ್ಪಟ್ಟ ಜನರ ಚಿತ್ರಗಳನ್ನು ನಾಲ್ಕು ಬಗೆಯಲ್ಲಿ ತೆಗೆದು ಐವರು ತಜ್ಞರಿಗೆ ಬೇರೆಬೇರೆಯಾಗಿ ಕೊಟ್ಟರು. ೧೯೪೭ರಲ್ಲಿ ಫಲ ಹೊರಬಿದ್ದಾಗ ಫಿಲ್ಮುಗಳ ನಡುವಣ ಭೇದಕ್ಕಿಂತ ಓದುಗರ ನಡುವಣ ಭೇದವೇ ದೊಡ್ಡದಾಗಿದ್ದಿತು. ರೋಗವಿದ್ದ ಚಿತ್ರಗಳಲ್ಲಿ ಕಾಲುಭಾಗದಷ್ಟನ್ನು ಒಬ್ಬೊಬ್ಬ ಓದುಗನೂ ಬಿಟ್ಟುಬಿಡುತ್ತಿದ್ದನು. ಇನ್ನೂ ವಿಚಿತ್ರವೆಂದರೆ, ಅದೇ ವ್ಯಕ್ತಿಗೆ ಅದೇ ಚಿತ್ರಗಳನ್ನು ಕೆಲವು ತಿಂಗಳ ಮೇಲೆ ಮತ್ತೆ ಕೊಟ್ಟರೆ ಅವನು ತನ್ನ ಮೊದಲಿನ ಓದಿಗೇ ಒಪ್ಪುತ್ತಿರಲಿಲ್ಲ. ಯೆರುಶಾಲ್ಮಿ ಎಂಬ ಸಂಖ್ಯಾಶಾಸ್ತ್ರಜ್ಞನು ಈ ವಿಷಯವನ್ನು ಮುಂದೆ ಹಲವು ವರ್ಷ ಬೆಂಬತ್ತಿದನು. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುವವರಾದ ನಮ್ಮಂಥವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರಲಾರದು.

ಈ ವಿಚಾರ ನಮ್ಮ ನಾಡಿಗೆ ಬಂದು ಮಹತ್ತ್ವದ ಫಲವನ್ನು ಕೊಟ್ಟಿತು. ಬೆಂಗಳೂರಿನಲ್ಲಿ ೧೯೫೯ರಲ್ಲಿ ರಾಷ್ಟ್ರೀಯ ಕ್ಷಯ ಸಂಸ್ಥೆ ಸ್ಥಾಪನೆಯಾಯಿತು. ಅದರವರು ೧೯೬೧ರಿಂದ ೧೯೬೮ರವರೆಗೆ ಬೆಂಗಳೂರಿನ ಸುತ್ತಲ ೧೧೯ ಹಳ್ಳಿಗಳಲ್ಲಿ ನಾಲ್ಕು ಸಲ ಮನೆಮನೆಗೆ ಹೋಗಿ, ಸಣ್ಣ ಫಿಲ್ಮಿನ ಕ್ಷ-ಕಿರಣಗಾಡಿಯಲ್ಲಿ ಎದೆಯ ಚಿತ್ರಗಳನ್ನು ತೆಗೆದು, ಅವುಗಳನ್ನು ಒಬ್ಬರ ಓದು ಇನ್ನೊಬ್ಬರಿಗೆ ತಿಳಿಯದಂತೆ ಓದಿಸಿ, ಕಫವನ್ನೂ ಪರೀಕ್ಷಿಸಿದರು. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬವರು ಬೇರೊಂದು ಪ್ರಶ್ನೆ ಕೇಳಿದರು: ಕ್ಷಯವಿರುವವನಿಗೆ ತನಗೆ ಏನೋ ಆಗಿದೆಯೆಂದು ತಿಳಿದಿರುತ್ತದೆಯೆ? ಬಹುಮಟ್ಟಿಗೆ ಎಲ್ಲರಿಗೂ ತಿಳಿದಿದ್ದಿತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಚಿಕಿತ್ಸೆಯನ್ನು ಅರಸಿ ಹೋಗಿಯೂ ಇದ್ದರು! ಹೀಗಿರುವಾಗ ದೇಶದ ಉದ್ದಗಲಕ್ಕೂ ಗಾಡಿಗಳನ್ನು ಕಳುಹಿಸಿ ಕೋಟ್ಯಂತರ ಎದೆಗಳನ್ನು ಚಿತ್ರಿಸುವುದಕ್ಕಿಂತ, ಕೆಮ್ಮಿಕೊಂಡು ತಾನಾಗಿ ಬಂದವನ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ಮೇಲೆಂದು ಗೊತ್ತಾಯಿತು. ೧೯೬೨ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಇದೇ ತಳಹದಿಯ ಮೇಲೆ ನಿಂತಿತು. ಚಿತ್ರ ತೆಗೆಯುವ ವಿದ್ಯೆಯ ಇತಿಹಾಸದಲ್ಲಿ, ಚಿತ್ರವನ್ನು ಯಾವಾಗ ತೆಗೆಯಬೇಕಾಗಿಲ್ಲವೆಂಬುದನ್ನು ತಿಳಿಸಿಕೊಟ್ಟ ಈ ಕೆಲಸಕ್ಕೆ ನಾವು ದೊಡ್ಡ ಸ್ಥಾನವನ್ನು ಕೊಡುತ್ತೇವೆ.

ತೆಗೆಯದಿರುವುದಕ್ಕೆ ಮತ್ತೊಂದು ಕಾರಣವೂ ಉಂಟು. ಕಿರಣವು ನೆರಳನ್ನು ಬಿಡಿಸಿ ಸುಮ್ಮನೆ ಹೋಗುವುದಿಲ್ಲ, ದೇಹವನ್ನು ಸುಡುತ್ತದೆ. ಮೊದಲ ಕಾಲದ ಕೆಲಸಗಾರರು ನಾಳ ಸರಿಯಾಗಿದೆಯೆ ಎಂದು ತಮ್ಮ ಕೈಯನ್ನೇ ಅಡ್ಡಹಿಡಿದು ನೋಡುತ್ತಿದ್ದರು. ಅನೇಕರು ಮೊದಲು ಬೆರಳುಗಳನ್ನೂ ಆಮೇಲೆ ಪ್ರಾಣವನ್ನೂ ಕಳೆದುಕೊಂಡರು. ಅವರ ಹೆಸರುಗಳನ್ನು ಕೆತ್ತಿದ ಸ್ಮಾರಕವನ್ನು ೧೯೩೬ರಲ್ಲಿ ಹ್ಯಾಂಬರ್ಗಿನಲ್ಲಿ ನಿಲ್ಲಿಸಿದರು. ಎಷ್ಟು ಕಿರಣ ಬಿತ್ತೆಂಬುದನ್ನು ಚರ್ಮ ಕೆಂಪಾಗುವುದರಿಂದ ಅಳೆಯುತ್ತಿದ್ದ ಪದ್ಧತಿ ಹೋಗಿ, ೧೯೨೮ರಲ್ಲಿ ಸ್ಟಾಕ್‌ಹೋಮಿನಲ್ಲಿ ರಂಟ್‌ಗನ್ ಎಂಬ ಮಾನವನ್ನು ಲೋಕವೆಲ್ಲ ಒಪ್ಪಿತು. ಆದರೂ ಗರ್ಭಿಣಿಯರ ಕಟಿಯ ಅಗಲವನ್ನು ಕ್ಷ-ಕಿರಣದಿಂದ ಅಳೆಯುವ ಪರಿಪಾಠ ಬಹುಕಾಲ ನಡೆಯಿತು. ಹೆರಿಗೆ ಸುಸೂತ್ರವಾದೀತೇ ಎಂದು ಮೊದಲೇ ತಿಳಿಯಲು ಅದು ಬೇಕೆಂದು ವೈದ್ಯರು ನಂಬಿದ್ದರು. ೧೯೫೬ರಲ್ಲಿ ಆಕ್ಸ್‌ಫರ್ಡಿನ ಆಲಿಸ್ ಸ್ಟೂವರ್ಟ್ ಎಂಬ ವೈದ್ಯೆ ಕ್ಯಾನ್ಸರಿನಿಂದ ಸತ್ತ ಮಕ್ಕಳ ತಾಯಂದಿರನ್ನು ಕಂಡು ವಿಚಾರಿಸಿ, ಗರ್ಭದಲ್ಲಿರುವಾಗ ಕಿರಣ ಬಿದ್ದ ಮಕ್ಕಳಲ್ಲಿ ಆ ರೋಗ ಹೆಚ್ಚೆಂದು ತೋರಿಸಿದರು. ಪಂಡಿತರು ಒಪ್ಪಲು ವರ್ಷಗಳೇ ಹಿಡಿದವು.

ಅಷ್ಟರಲ್ಲಿ ಗ್ಲಾಸ್ಗೋ ನಗರದಲ್ಲಿ ಇಯಾನ್ ಡೊನಾಲ್ಡ್ ಎಂಬ ಪ್ರಸೂತಿವೈದ್ಯರು, ಬಾಯ್ಲರುಗಳ ಉಕ್ಕಿನಲ್ಲಿ ಬಿರುಕಿದೆಯೆ ಎಂದು ಪರೀಕ್ಷಿಸುವ ಶಬ್ದಯಂತ್ರವನ್ನು ಹೊಟ್ಟೆಯ ಮೇಲಿಟ್ಟು ನೋಡುತ್ತಿದ್ದರು. ಅವರ ಲೇಖನ ೧೯೫೮ರ ಜೂನಿನಲ್ಲಿ ಪ್ರಕಟವಾಯಿತು. ಕಿವಿಗೆ ಕೇಳಿಸದಷ್ಟು ಸೂಕ್ಷ್ಮವಾದ ಶಬ್ದವನ್ನು ಒಳಕ್ಕೆ ಕಳುಹಿಸುವುದು. ಅದು ತಗುಲಿ ಹಿಂದಿರುಗುವ ಹೊತ್ತನ್ನು ಅಳೆಯುವುದು. ದೇಹದ ಮೆದುಭಾಗದಲ್ಲಿ ಶಬ್ದವು ಸೆಕೆಂಡಿಗೆ ೧೫೪೦ ಮೀಟರು ಓಡುತ್ತದೆ. ಆದುದರಿಂದ ಪ್ರತಿಧ್ವನಿ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಹದಿಮೂರು ಭಾಗ ತಡವಾಗಿ ಬಂದರೆ ವಸ್ತು ಒಂದು ಸೆಂಟಿಮೀಟರು ಆಳದಲ್ಲಿದೆ. ಇಲ್ಲಿ ನೆರಳಿನ ಹಿಗ್ಗಾಟವಿಲ್ಲ, ಸುಡುವ ಕಿರಣವಿಲ್ಲ. ಡೇವಿಡ್‌ಸನ್ ಎರಡು ದಾರದಿಂದ ಪಡೆದ ಆಳವನ್ನು ಈ ಯಂತ್ರ ಗಡಿಯಾರದಿಂದ ಪಡೆಯುತ್ತದೆ. (೧೯೭೧ರಲ್ಲಿ ಹೌನ್ಸ್‌ಫೀಲ್ಡ್ ಕ್ಷ-ಕಿರಣವನ್ನೇ ದೇಹದ ಸುತ್ತ ತಿರುಗಿಸಿ, ಅಡ್ಡಕೊಯ್ಲಿನ ಚಿತ್ರವನ್ನು ಗಣಿಸಿದ್ದು ಇದಕ್ಕಿಂತ ಹೆಚ್ಚು ಕೀರ್ತಿಯನ್ನೂ ೧೯೭೯ರ ನೊಬೆಲ್ ಬಹುಮಾನವನ್ನೂ ಪಡೆಯಿತು, ಆದರೆ ಅದು ಹಳ್ಳಿಯವರಿಗೆ ಸುಲಭವಾಗಿ ಎಟುಕುವ ಯಂತ್ರವಲ್ಲ.) ೧೯೭೩ರಲ್ಲಿ ಅದೇ ಗ್ಲಾಸ್ಗೋವಿನಲ್ಲಿ ರಾಬಿನ್ಸನ್ ಎಂಬಾತನು ಮೊದಲ ತಿಂಗಳುಗಳ ಶಿಶುವಿನ ನೆತ್ತಿಯಿಂದ ಬುಡದವರೆಗಿನ ಉದ್ದವನ್ನು ಅಳೆದು, ಗರ್ಭದ ವಯಸ್ಸನ್ನು ನಾಲ್ಕೈದು ದಿನಗಳ ಅಂತರದೊಳಗೆ ಹೇಳಬಹುದೆಂದು ತೋರಿಸಿದನು. ತಲೆಯ ಅಗಲ, ಹೊಟ್ಟೆಯ ಸುತ್ತು, ತೊಡೆಯೆಲುಬಿನ ಉದ್ದ, ಒಂದೊಂದಕ್ಕೂ ಪಟ್ಟಿಗಳು ಬಂದವು. ಮಗು ಬೆಳೆಯುತ್ತಿದೆಯೆ, ಕಸ ಅಡ್ಡಬಂದಿದೆಯೆ, ತಾಯಿಯನ್ನು ಯಾವ ವಾರ ಆಸ್ಪತ್ರೆಗೆ ಸೇರಿಸಬೇಕು ಎಂಬುದನ್ನೆಲ್ಲ ತಿಳಿಸಿ ಈ ಯಂತ್ರ ಉಳಿಸಿದ ಜೀವಗಳಿಗೆ ಲೆಕ್ಕವಿಲ್ಲ. ಮಂಡ್ಯದಲ್ಲಿ ೨೦೦೬ರಲ್ಲಿ ವೈದ್ಯಕೀಯ ಕಾಲೇಜು ಆಯಿತು. ಒಂದು ಕಾಲಕ್ಕೆ ಬೆರಳಿನಿಂದ ತಡವಿ ನೋಡುತ್ತಿದ್ದ ಗುಲ್ಮವನ್ನು ಇಂದು ಅದೇ ಸೀಮೆಯಲ್ಲಿ ಈ ಶಬ್ದವೇ ಸೆಂಟಿಮೀಟರಿನ ಲೆಕ್ಕದಲ್ಲಿ ಅಳೆಯುತ್ತದೆ.

ಇನ್ನು ತಲೆತಗ್ಗಿಸತಕ್ಕ ಭಾಗ. ಮೇಲೆ ಹೇಳಿದ ಅಳತೆಗಳಿಗೆಲ್ಲ ಶಿಕ್ಷಣ ಬೇಕು, ಅಭ್ಯಾಸ ಬೇಕು, ತಾಳ್ಮೆ ಬೇಕು. ಶಿಶು ಗಂಡೋ ಹೆಣ್ಣೋ ಎಂಬುದನ್ನು ನೋಡುವುದು ಅಳತೆಯೇ ಅಲ್ಲ, ಅದೊಂದು ಇಣುಕುನೋಟ. ಯಂತ್ರವು ಚಿಕ್ಕದಾಗಿ, ಕೈಚೀಲದಲ್ಲಿ ಹಿಡಿಸುವಂತಾದ ಮೇಲೆ ಆ ಇಣುಕುನೋಟಕ್ಕೆ ಆಸ್ಪತ್ರೆಯ ಗೋಡೆಗಳೂ ಬೇಕಾಗಲಿಲ್ಲ. ಇದನ್ನು ಮುಂಗಂಡು ಭಾರತ ಸರ್ಕಾರವು ೧೯೯೪ರಲ್ಲಿ ಶಾಸನ ಮಾಡಿದ್ದಿತು. ೧೯೯೬ರ ಜನವರಿಯಿಂದ ಅದು ಜಾರಿಗೆ ಬಂದು, ೨೦೦೩ರಲ್ಲಿ ಇನ್ನಷ್ಟು ಬಿಗಿಯಾಯಿತು. ಲಿಂಗವನ್ನು ತಿಳಿಸುವುದು ಅಪರಾಧ. ಪ್ರತಿಯೊಂದು ಯಂತ್ರಕ್ಕೂ ನೋಂದಣಿ ಬೇಕು. ಗರ್ಭಿಣಿಯ ಪ್ರತಿಯೊಂದು ಪರೀಕ್ಷೆಗೂ ಕಾರಣವನ್ನು ನಮೂದಿಸಿದ ಪತ್ರವಿರಬೇಕು. ಇಷ್ಟೆಲ್ಲ ಇದ್ದು, ೨೦೨೩ರ ಕೊನೆಯಲ್ಲಿ ಬೆಂಗಳೂರಿನ ಪೊಲೀಸರು ಒಂದು ಜಾಲವನ್ನು ಭೇದಿಸಿದಾಗ, ಗರ್ಭಿಣಿಯರನ್ನು ಕರೆದೊಯ್ದು ಲಿಂಗಪತ್ತೆ ಮಾಡುತ್ತಿದ್ದ ಸ್ಥಳವು ಮಂಡ್ಯ ತಾಲ್ಲೂಕಿನ ಒಂದು ಆಲೆಮನೆಯೆಂದು ಹೊರಬಿತ್ತು. ಕಬ್ಬು ಅರೆಯುವ ಜಾಗ. ಹೆಣ್ಣೆಂದು ತಿಳಿದವರನ್ನು ಗರ್ಭಪಾತಕ್ಕೆ ಬೇರೆಡೆಗೆ ಒಯ್ಯುತ್ತಿದ್ದರು. ಮೂರು ವರ್ಷಗಳಲ್ಲಿ ಸುಮಾರು ಒಂಬೈನೂರು ಎಂಬುದು ಪೊಲೀಸರು ಆಗ ತಿಳಿಸಿದ ಸಂಖ್ಯೆ. ತನಿಖೆಯನ್ನು ಆಮೇಲೆ ಸಿ.ಐ.ಡಿ. ವಹಿಸಿಕೊಂಡಿತು.

ಜನಗಣತಿಯ ಪುಟದಲ್ಲಿ ಇದು ಕಂಡಿತ್ತೇ ಎಂದು ಕೇಳಬಹುದು. ೨೦೧೧ರ ಗಣತಿಯಲ್ಲಿ ಮಂಡ್ಯ ಜಿಲ್ಲೆಯ ಸಾವಿರ ಗಂಡಸರಿಗೆ ೯೯೫ ಹೆಂಗಸರಿದ್ದರು. ನೋಡಿದವರು ಸಂತೋಷಪಡುವ ಅಂಕಿ. ಆರು ವರ್ಷದವರೆಗಿನ ಮಕ್ಕಳನ್ನು ಮಾತ್ರ ಬೇರೆ ತೆಗೆದರೆ ಸಾವಿರ ಗಂಡುಮಕ್ಕಳಿಗೆ ೯೩೯ ಹೆಣ್ಣುಮಕ್ಕಳು. ಸ್ವಾಭಾವಿಕವಾಗಿ ಹುಟ್ಟತಕ್ಕದ್ದು ಸಾವಿರಕ್ಕೆ ಸುಮಾರು ೯೫೦. ಭೇದ ಸಣ್ಣದು, ಹರ್ಯಾಣ, ಪಂಜಾಬುಗಳ ಅಂಕಿಯ ಮುಂದೆ ಇದು ಕಣ್ಣಿಗೆ ಕಾಣುವುದೇ ಇಲ್ಲ. ಕೋಲಾರದ ಗಣಿಯವನ ಎದೆಯಲ್ಲಿ ಒಂದೂವರೆ ಮಿಲಿಮೀಟರಿನ ಚುಕ್ಕೆಗಳು ಮೊದಲು ಮೂಡಿದಾಗಲೂ ಹೀಗೆಯೇ ಇರುತ್ತಿದ್ದಿತು: ಪ್ರಮಾಣಚಿತ್ರವನ್ನು ಪಕ್ಕದಲ್ಲಿಟ್ಟು ನೋಡದವರಿಗೆ ಅದು ಆರೋಗ್ಯವಂತನ ಎದೆ. ೨೦೧೧ರ ತರುವಾಯ ಬರಬೇಕಾಗಿದ್ದ ೨೦೨೧ರ ಜನಗಣತಿ ಆ ವರ್ಷ ನಡೆಯಲಿಲ್ಲ. ಆಲೆಮನೆಯ ಆ ಮೂರು ವರ್ಷಗಳ ಪಕ್ಕದಲ್ಲಿಟ್ಟು ನೋಡಲು ಆ ವರ್ಷದ ಅಂಕಿಯೇ ಇಲ್ಲದಂತಾಯಿತು.